ಹದಿನಾಲ್ಕು ಗೇಜಿನ ಗೋಡೆಯೂ ನನ್ನ ಸಹಿಯೂ

ಕೆಲವರ ಹಣೆಯಲ್ಲಿ ರಾಜಯೋಗ ಬರೆದಿರುತ್ತದೆ, ಕೆಲವರ ಹಣೆಯಲ್ಲಿ ಪರದೇಶ ಪ್ರಯಾಣ. ನನ್ನ ಹಣೆಯಲ್ಲಿ ಬ್ರಹ್ಮ ‘ಇವನು ಸರಿಯಾಗಿ ಲೆಕ್ಕ ಮಾಡುತ್ತಾನೆ, ಉಳಿದವರು ಅದನ್ನು ಕೆಡಿಸುತ್ತಾರೆ’ ಎಂದು ಬರೆದು ಕೈ ತೊಳೆದುಕೊಂಡಂತಿದೆ. ಪುಣೆಯಲ್ಲಿ ನೌಕರಿ ಮಾಡಿದಷ್ಟು ದಿನವೂ ಇಂಥವು ಒಂದರ ಹಿಂದೊಂದು ಆಗುತ್ತಲೇ ಇದ್ದವು. ಆಗ ಹಲ್ಲು ಕಡಿದುಕೊಂಡು ಸುಮ್ಮನಿದ್ದೆ. ಈಗ ಹಲ್ಲೂ ಕಡಿಮೆಯಾಗಿವೆ, ಹೇಳಲಿಕ್ಕೆ ಅಡ್ಡಿಯಿಲ್ಲ.

ನಾನು ಗದಗಿನವನು. ಮೆಕ್ಯಾನಿಕಲ್ ಡಿಪ್ಲೊಮಾ ಮುಗಿಸಿ ಎಪ್ಪತ್ತರ ದಶಕದ ಮೊದಲ ವರ್ಷಗಳಲ್ಲಿ ಪುಣೆಗೆ ಬಂದು, ಚಿಂಚವಡದ ಕಡೆಯ ಒಂದು ಕಾರ್ಖಾನೆ ಸೇರಿದೆ. ಅಲ್ಲಿ ಹೀಟ್ ಎಕ್ಸ್‌ಚೇಂಜರ್ ಮಾಡುತ್ತಿದ್ದರು. ಹೆಸರು ಕೇಳಿ ಗಾಬರಿಯಾಗುವುದು ಬೇಡ. ಒಂದು ದೊಡ್ಡ ಉಕ್ಕಿನ ಪೀಪಾಯಿ, ಅದರೊಳಗೆ ಉದ್ದಕ್ಕೆ ಜೋಡಿಸಿದ ನೂರಾರು ಸಣ್ಣ ಟ್ಯೂಬುಗಳು. ಟ್ಯೂಬಿನ ಒಳಗೆ ಬಿಸಿ ದ್ರವ ಹರಿಯುತ್ತದೆ, ಹೊರಗೆ ತಣ್ಣೀರು. ಒಳಗಿನ ಬಿಸಿ ಟ್ಯೂಬಿನ ಗೋಡೆ ದಾಟಿ ನೀರಿಗೆ ಹೋಗಬೇಕು, ದ್ರವ ಮಾತ್ರ ದಾಟಬಾರದು. ಗೋಡೆ ತೆಳುವಾದರೆ ಒಡೆಯುತ್ತದೆ, ತೀರ ದಪ್ಪವಾದರೆ ಬಿಸಿ ದಾಟುವುದಿಲ್ಲ. ಆ ಗೋಡೆ ಎಷ್ಟು ದಪ್ಪ ಇರಬೇಕೆಂದು ಲೆಕ್ಕ ಹಾಕುವುದು ನನ್ನ ಕೆಲಸ.

ಲೆಕ್ಕ ನನ್ನದು, ಸಹಿ ನನ್ನದಲ್ಲ. ಪ್ರತಿ ನಕಾಶೆಯ ಬಲ ಮೂಲೆಯಲ್ಲಿ ಕೆಳಗೆ ಮೂರು ಚೌಕ ಇರುತ್ತವೆ: ಡ್ರಾನ್, ಚೆಕ್ಡ್, ಅಪ್ರೂವ್ಡ್, ಅಂದರೆ ಬರೆದವರು, ಪರೀಕ್ಷಿಸಿದವರು, ಒಪ್ಪಿದವರು. ಡ್ರಾನ್ ಚೌಕದಲ್ಲಿ ಸಹಿ ಮಾಡುವವನು ಬರೀ ಡ್ರಾಫ್ಟ್ಸ್‌ಮನ್. ಚೆಕ್ಡ್ ಚೌಕದಲ್ಲಿ ಮಾಡುವವನು ಡಿಸೈನ್ ಇಂಜಿನಿಯರ್. ಆ ಚೌಕ ನಮ್ಮ ಚೀಫ್ ಸಾಹೇಬರ ವಶದಲ್ಲಿತ್ತು. ಅವರು ಡಿಗ್ರಿ ಪಡೆದವರು, ಆದ್ದರಿಂದ ಲೆಕ್ಕದ ಹಾಳೆ ತಿರುವಿ ನೋಡುವುದು ತಮ್ಮ ಘನತೆಗೆ ಕಡಿಮೆ ಎಂದು ತಿಳಿದವರು. ನಾನು ಹತ್ತು ದಿನ ಕೂತು ಮಾಡಿದ್ದರ ಕೆಳಗೆ ಹತ್ತು ಸೆಕೆಂಡಿನಲ್ಲಿ ಅವರ ಸಹಿ ಬೀಳುತ್ತಿತ್ತು.

ನನಗೆ ಬೇಕಾಗಿದ್ದುದು ಆ ಚೌಕ. ಹೆಚ್ಚೇನಲ್ಲ, ಒಂದು ಇಂಚು ಅಗಲ, ಕಾಲು ಇಂಚು ಎತ್ತರ. ಎಂಟು ವರ್ಷ ಅದಕ್ಕಾಗಿ ಕಾದೆ. ‘ನಿಮ್ಮ ಸಹಿ ರೇಷನ್ ಅಂಗಡಿ ಬಿಟ್ರ ಮತ್ತೆಲ್ಲೂ ನಡಿಯಂಗಿಲ್ಲ ನೋಡ್ರಿ’ ಎಂದು ಹೆಂಡತಿ ಅನ್ನುತ್ತಿದ್ದಳು. ಆ ಮಾತಿಗೆ ನನಗೆ ಬಹಳ ಸಿಟ್ಟು ಬರುತ್ತಿತ್ತು, ಏಕೆಂದರೆ ಅದು ಸುಳ್ಳಾಗಿರಲಿಲ್ಲ.

ಒಂಬತ್ತು ಇಂಚೋ, ನಾಲ್ಕೂವರೆಯೋ

ನಾವು ನಿಗಡಿಯಲ್ಲಿ ಎರಡು ಕೋಣೆಯ ಬಾಡಿಗೆ ಮನೆಯಲ್ಲಿದ್ದೆವು. ಪಕ್ಕದ ಖಾಲಿ ಜಾಗದಲ್ಲಿ ಒಂದು ಕಟ್ಟಡ ಏಳತೊಡಗಿತ್ತು. ಒಂದು ಭಾನುವಾರ ಬೆಳಿಗ್ಗೆ ಗಾರೆ ಕಲಸುವ ಕಡೆಯಿಂದ ಕನ್ನಡ ಕೇಳಿಸಿತು. ವಾರವಿಡೀ ಮರಾಠಿ ಮಾತಾಡಿ ನಾಲಿಗೆ ದಣಿದಿದ್ದ ನಾನು ಚಪ್ಪಲಿ ಮೆಟ್ಟಿಕೊಂಡು ಓಡಿದೆ. ಗೋಡೆ ಕಟ್ಟುತ್ತಿದ್ದ ಗೌಂಡಿ ಗುಲಬರ್ಗಾ ಕಡೆಯವನು. ಊರು, ಕೇರಿ, ಬೆಳೆ ಎಲ್ಲ ವಿಚಾರಿಸಿಕೊಂಡ ಮೇಲೆ, ಕಂಪನಿಯಲ್ಲಿ ನಾನೇನು ಕೆಲಸ ಮಾಡುತ್ತೇನೆಂದು ಕೇಳಿದ.

ಹೀಟ್ ಎಕ್ಸ್‌ಚೇಂಜರ್ ಎಂದು ಶುರು ಮಾಡಿದರೆ ಮಧ್ಯಾಹ್ನದ ಊಟ ತಪ್ಪುತ್ತದೆ. ಗೋಡೆ ಎಷ್ಟು ದಪ್ಪ ಇರಬೇಕೆಂದು ಲೆಕ್ಕ ಹಾಕುತ್ತೇನೆ ಎಂದುಬಿಟ್ಟೆ. ಅವನ ಮುಖ ಅರಳಿತು. ‘ಹಂಗಾರ ನಮ್ಮ ಪೈಕಿನೇ ಆದ್ರಲ್ರಿ ಸಾಹೇಬ್ರ. ಒಂಬತ್ತು ಇಂಚಿಂದೋ, ನಾಕೂವರಿದೋ?’

‘ಎರಡು ಮಿಲಿಮೀಟರ್’ ಎಂದೆ.

ಅವನು ಕೈಯಲ್ಲಿದ್ದ ಕರಣೆಯ ಅಂಚನ್ನು ಒಮ್ಮೆ ನೋಡಿದ, ನನ್ನನ್ನು ಒಮ್ಮೆ ನೋಡಿದ. ಗೋಡೆ ಎಷ್ಟು ಉದ್ದ ಎಂದು ಕೇಳಿದ. ಆರು ಮೀಟರ್ ಎಂದೆ. ಇಟ್ಟಿಗೆ ಹೊರುತ್ತಿದ್ದ ಹೆಂಡತಿಯನ್ನು ಕರೆದು, ನನ್ನನ್ನು ತೋರಿಸಿ, ಈ ಸಾಹೇಬರ ಕಂಪನಿಯಲ್ಲಿ ಎಂಥ ಗೋಡೆ ಕಟ್ಟುತ್ತಾರೆಂದು ವಿವರಿಸಿದ. ಆಕೆ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ‘ಅಂಥಾ ಗ್ವಾಡಿಗೆ ಮಳಿ ಗಾಳಿ ಏನೂ ಬ್ಯಾಡ್ರಿ, ಮ್ಯಾಲೊಂದು ಕಾಗಿ ಕುಂತ್ರ ಸಾಕು’ ಎಂದ ಗೌಂಡಿ.

ಆಮೇಲೆ ಅವನಿಗೇ ಕನಿಕರ ಬಂದಿರಬೇಕು. ದನಿ ತಗ್ಗಿಸಿ, ಕಾಗದದ ಮೇಲೆ ಸಹಿ ಯಾರದ್ದಿರುತ್ತದೆ ಎಂದು ಕೇಳಿದ. ನನ್ನದಲ್ಲ, ಬೇರೆಯವರದು ಎಂದು ಒಪ್ಪಿಕೊಂಡೆ. ನನ್ನ ವರ್ಷಗಟ್ಟಲೆಯ ಸಂಕಟಕ್ಕೆ ಯಾರೂ ಹೇಳದ ಸಮಾಧಾನವನ್ನು ಆ ಪುಣ್ಯಾತ್ಮ ಹೇಳಿದ: ‘ಮತ್ತ ನೀವ್ಯಾಕ ಚಿಂತಿ ಮಾಡ್ತೀರಿ? ಬಿದ್ರ ಅವ್ರ ತಲಿ ಮ್ಯಾಲ ಬೀಳ್ತದ.’

ಉತ್ತರ: ಹದಿನಾಲ್ಕು

ನನ್ನ ಲೆಕ್ಕದ ದೊಡ್ಡ ದುರಂತವೆಂದರೆ ಅದರ ಉತ್ತರ ಯಾವಾಗಲೂ ಒಂದೇ ಬರುತ್ತಿತ್ತು.

ಒಳಗಿನ ಒತ್ತಡ ತಡೆಯಲಿಕ್ಕೆ ಸೂತ್ರದ ಪ್ರಕಾರ ಅರ್ಧ ಮಿಲಿಮೀಟರಿಗಿಂತ ಕಡಿಮೆ ದಪ್ಪ ಸಾಕು. ಆದರೆ ವರ್ಷಗಟ್ಟಲೆ ನೀರಿನಲ್ಲಿ ಕೂತ ಉಕ್ಕು ತುಕ್ಕು ಹಿಡಿಯುತ್ತದೆ, ಆ ತುಕ್ಕಿಗೆ ಬಿಡಲಿಕ್ಕೆ ಒಂದು ಮಿಲಿಮೀಟರ್ ಸೇರಿಸಬೇಕು. ಟ್ಯೂಬ್ ಮಾಡುವ ಗಿರಣಿಯವರು ಹೇಳಿದ ದಪ್ಪ ಪೂರ್ತಿ ಕೊಡುವುದಿಲ್ಲ, ಅದಕ್ಕಷ್ಟು. ಬಗ್ಗಿಸುವಾಗ ಟ್ಯೂಬ್ ಹಿಗ್ಗಿ ತೆಳುವಾಗುತ್ತದೆ, ಅದಕ್ಕಷ್ಟು. ಎಲ್ಲ ಕೂಡಿಸಿದ ಮೇಲೆ ಪೇಟೆಯಲ್ಲಿ ಯಾವ ಅಳತೆ ಸಿಗುತ್ತದೋ ಅದನ್ನು ಆರಿಸಬೇಕು. ಸ್ಲೈಡ್ ರೂಲ್ ಸವೆಯುವಷ್ಟು ಎಳೆದಾಡಿ ಕೊನೆಗೆ ನಾನು ಬರೆಯುತ್ತಿದ್ದುದು ‘ಹದಿನಾಲ್ಕು ಗೇಜ್’ ಎಂದು. ಗೇಜ್ ಎಂಬುದು ಟ್ಯೂಬಿನ ದಪ್ಪದ ನಂಬರು, ಮತ್ತು ಅದು ಉಲ್ಟಾ ನಂಬರು. ನಂಬರು ದೊಡ್ಡದಾದಷ್ಟೂ ಗೋಡೆ ತೆಳು. ಹನ್ನೆರಡು ಅಂದರೆ ದಪ್ಪ, ಹದಿನಾಲ್ಕು ಅದಕ್ಕಿಂತ ತೆಳು, ಹದಿನಾರು ಇನ್ನೂ ತೆಳು. ಇದನ್ನು ಕಂಡುಹಿಡಿದ ಬ್ರಿಟಿಷನಿಗೆ ನಾನು ಹಾಕಿದ ಶಾಪ ತಟ್ಟಿದ್ದರೆ ಅವನ ವಂಶ ಉಳಿಯುತ್ತಿರಲಿಲ್ಲ.

ಕಾರ್ಖಾನೆಯ ಮಾಲೀಕರಾದ ಶೇಠ್ ಒಂದು ದಿನ ನಮ್ಮ ವಿಭಾಗಕ್ಕೆ ಬಂದರು. ಹೊಸ ಆರ್ಡರಿನ ಟ್ಯೂಬಿಗೆ ಎಷ್ಟು ಬಂತು ಎಂದು ಕೇಳಿದರು. ನಾನು ಹಾಳೆ ಹುಡುಕುತ್ತಿದ್ದಾಗಲೇ, ಚಹಾ ಇಡುತ್ತಿದ್ದ ಮುದುಕ ಪ್ಯೂನ್ ‘ಚೌದಾ’ ಎಂದ. ಶೇಠ್ ಹೊಟ್ಟೆ ಹಿಡಿದುಕೊಂಡು ನಕ್ಕರು. ಅವನಿಗಿಂತ ನನಗೆ ಸಂಬಳ ಎಷ್ಟು ಹೆಚ್ಚು ಎಂದು ಚೀಫ್ ಸಾಹೇಬರನ್ನು ವಿಚಾರಿಸಿದರು. ಅವತ್ತು ಚೌಕದ ಮಾತು ಎತ್ತಬೇಕೆಂದು ನಾನು ಬೆಳಿಗ್ಗೆಯಿಂದ ತಯಾರಾಗಿ ಬಂದಿದ್ದೆ. ಎತ್ತಲಿಲ್ಲ.

ಅದಾದ ಕೆಲವೇ ತಿಂಗಳಿಗೆ ದೇವರು ಕಣ್ಣು ಬಿಟ್ಟ. ಒಂದು ಲೆಕ್ಕಕ್ಕೆ ಹನ್ನೆರಡು ಬಂತು. ನಾನು ಎದ್ದು ನಿಂತು ಇಡೀ ವಿಭಾಗಕ್ಕೆ ಕೇಳಿಸುವಂತೆ ‘ಹನ್ನೆರಡು’ ಎಂದೆ. ಚೀಫ್ ಸಾಹೇಬರೂ ತಲೆ ಎತ್ತಿದರು. ಪ್ಯೂನ್ ಮಾತ್ರ ಕಪ್ಪು ಎತ್ತಿಕೊಂಡು ಹೋಗುತ್ತ, ಇನ್ನೊಮ್ಮೆ ನೋಡಿಬಿಡಿ ಸಾಹೇಬ ಎಂದು ಮೆಲ್ಲಗೆ ಅಂದ. ಅವನಿಗೆ ಪಾಠ ಕಲಿಸಲೆಂದೇ ಇನ್ನೊಮ್ಮೆ ಮಾಡಿದೆ. ದಶಾಂಶದ ಚುಕ್ಕೆ ಒಂದು ಮನೆ ಆಚೆ ಬಿದ್ದಿತ್ತು.

ಹದಿನಾಲ್ಕೇ ಬಂತು. ಪ್ಯೂನ್ ನಗಲಿಲ್ಲ. ಅನುಭವಸ್ಥರು ನಗುವುದಿಲ್ಲ.

ಪಾತಳ

ಮರಾಠಿಯಲ್ಲಿ ತೆಳುವಾದದ್ದಕ್ಕೆ ‘ಪಾತಳ’ ಎನ್ನುತ್ತಾರೆ, ದಪ್ಪನೆಯದಕ್ಕೆ ‘ಜಾಡ’. ನನ್ನ ಹೊಟ್ಟೆಪಾಡಿಗೆ ಬೇಕಾಗಿದ್ದ ಮರಾಠಿಯೇ ಈ ಎರಡು ಶಬ್ದ. ಇವೆರಡು ಕಲಿತು ನಾನು ಪಂಡಿತನಾದೆನೆಂದು ತಿಳಿದಿದ್ದೆ.

ಬರೋಡಾದ ಒಂದು ಪಾರ್ಟಿಯ ಆರ್ಡರಿಗೆ ಟ್ಯೂಬುಗಳು ಬಂದಿಳಿದವು. ಮೈಕ್ರೋಮೀಟರ್ ಹಿಡಿದು ನೋಡಿದರೆ ಎಲ್ಲವೂ ಬೇಕಾದ್ದಕ್ಕಿಂತ ತೆಳು. ಅವತ್ತು ಚೀಫ್ ಸಾಹೇಬರು ರಜೆಯಲ್ಲಿದ್ದರು. ಲಾರಿಯವನು ಗಡಿಬಿಡಿ ಮಾಡುತ್ತಿದ್ದ. ಸಾಹೇಬರ ಮನೆಗೆ ಫೋನ್ ಹಚ್ಚಿದೆ. ಅವರ ಹೆಂಡತಿ ಎತ್ತಿದರು. ಸಾಹೇಬರು ತರಕಾರಿ ತರಲು ಹೋಗಿದ್ದಾರೆ, ಏನು ಹೇಳಬೇಕು ಅಂದರು.

ನಾನು ನನ್ನ ಮರಾಠಿಯನ್ನೆಲ್ಲ ಒಟ್ಟುಗೂಡಿಸಿ, ‘ಪಾತಳ ಬಂದಿದೆ, ಅದು ನಡೆಯುವುದಿಲ್ಲ, ವಾಪಸು ಕಳಿಸುತ್ತೇನೆ ಎಂದು ಹೇಳಿ’ ಎಂದೆ. ಯಾರ ಸಲುವಾಗಿ ಬಂದದ್ದು ಎಂದು ಕೇಳಿದರು. ಬರೋಡಾದ ಪಾರ್ಟಿಗೆ ಎಂದೆ. ಯಾಕೆ ನಡೆಯುವುದಿಲ್ಲ ಎಂದರು. ಅಲ್ಲಿಗೆ ಜಾಡ ಬೇಕು, ಪಾತಳ ಸಾಲುವುದಿಲ್ಲ ಎಂದೆ. ಆಕೆಗೆ ವಿಷಯದಲ್ಲಿ ಇಷ್ಟು ಆಸಕ್ತಿ ಇರುವುದು ಕಂಡು ನನಗೆ ಸಂತೋಷವಾಯಿತು. ಸಾಹೇಬರೇ ಖುದ್ದಾಗಿ ಬರೋಡಾಕ್ಕೆ ಹೋಗಿ ಅಳತೆ ತೆಗೆದುಕೊಂಡು ಬಂದಿದ್ದಾರೆ, ತಪ್ಪಾಗುವ ಪ್ರಶ್ನೆಯೇ ಇಲ್ಲ ಎಂದು ಸೇರಿಸಿದೆ. ಎಷ್ಟು ತರಿಸಿದ್ದಾರೆ ಎಂದು ಕೊನೆಯ ಪ್ರಶ್ನೆ ಬಂತು. ನೂರಾ ಎಂಬತ್ತು ಎಂದೆ. ಫೋನ್ ಇಟ್ಟುಬಿಟ್ಟರು.

ಮರುದಿನ ಚೀಫ್ ಸಾಹೇಬರ ಮುಖ ಊದಿಕೊಂಡಿತ್ತು. ನನ್ನನ್ನು ಒಳಗೆ ಕರೆದು, ಅಕ್ಷರ ಬಿಡದಂತೆ ಏನು ಹೇಳಿದೆ ಹೇಳು ಎಂದರು. ಹೇಳಿದೆ. ಅವರು ಎರಡೂ ಕೈಯಲ್ಲಿ ತಲೆ ಹಿಡಿದುಕೊಂಡರು. ‘ಕಾನಡಿ’ ಎಂದರು. ಕನ್ನಡದವನಾದ್ದರಿಂದ ಅವರು ನನ್ನನ್ನು ಹಾಗೆಯೇ ಕರೆಯುತ್ತಿದ್ದರು. ‘ಕಾನಡಿ, ಮರಾಠಿಯಲ್ಲಿ ಪಾತಳ ಅಂದರೆ ಸೀರೆ ಅಂತಲೂ ಅರ್ಥ ಇದೆ.’

ನನಗೆ ಹೊಳೆಯಬೇಕಿತ್ತು. ನಮ್ಮ ಕಡೆಯಲ್ಲೂ ಸೀರೆಗೆ ಪತ್ತಲ ಅನ್ನುತ್ತಾರೆ, ನಮ್ಮವ್ವ ಉಡುತ್ತಿದ್ದುದೇ ಪತ್ತಲ. ಬರೋಡಾದಲ್ಲಿರುವ ಯಾವಳೋ ದಪ್ಪ ಹೆಂಗಸಿಗೆ ತನ್ನ ಗಂಡ ಅಳತೆ ಹಿಡಿದು ನೂರಾ ಎಂಬತ್ತು ಸೀರೆ ತರಿಸಿದ್ದಾನೆ ಎಂದು ಆ ತಾಯಿ ತಿಳಿದಿದ್ದರಲ್ಲಿ ಆಕೆಯ ತಪ್ಪೇನೂ ಇರಲಿಲ್ಲ. ಸಾಹೇಬರು ಗೇಣುದ್ದದ ಟ್ಯೂಬಿನ ತುಂಡೊಂದನ್ನು ಮನೆಗೆ ಒಯ್ದು ತೋರಿಸಬೇಕಾಯಿತು. ಆಕೆ ಅದನ್ನು ತಿರುಗಿಸಿ ನೋಡಿ, ‘ಇದಕ್ಕೆ ಸೆರಗು ಎಲ್ಲಿದೆ?’ ಎಂದು ಕೇಳಿದರಂತೆ.

ಕೊನೆಗೆ ಶಾಂತಿಗಾಗಿ ಅವರು ನಿಜವಾದ ಪಾತಳವನ್ನೇ ಕೊಳ್ಳಬೇಕಾಯಿತು, ಅದೂ ಜರಿಯಂಚಿನದು. ಇನ್ನೆರಡು ವರ್ಷ ಚೌಕದ ಸುದ್ದಿ ಎತ್ತಕೂಡದೆಂದು ನನಗೆ ತಾಕೀತಾಯಿತು.

ಭಂಡಾರ

ಆ ಎರಡು ವರ್ಷವೂ ಮುಗಿದು, ನಾಳೆ ಕೇಳಬೇಕು ಎನ್ನುವಷ್ಟರಲ್ಲಿ ಠಾಣೆ ಎಂಬ ಊರಿನ ಕಡೆಯ ಒಂದು ರಾಸಾಯನಿಕ ಕಾರ್ಖಾನೆಯಿಂದ ತಂತಿ ಬಂತು. ನಾವು ಕಳಿಸಿದ ಎಕ್ಸ್‌ಚೇಂಜರ್ ಚಾಲೂ ಮಾಡಿದ ಕೂಡಲೇ ಹಳದಿ ನೀರು ಬರುತ್ತಿದೆ, ಟ್ಯೂಬುಗಳು ಒಂದೇ ದಿನಕ್ಕೆ ತುಕ್ಕು ಹಿಡಿದಿವೆ, ಡಿಸೈನ್ ಮಾಡಿದವನನ್ನು ಕಳಿಸಿ ಎಂದಿತ್ತು. ಹತ್ತು ವರ್ಷಕ್ಕೆಂದು ತುಕ್ಕಿಗೆ ಬಿಟ್ಟ ಒಂದು ಮಿಲಿಮೀಟರ್ ಒಂದೇ ದಿನದಲ್ಲಿ ಹೋದರೆ ನನ್ನ ಲೆಕ್ಕಕ್ಕೆ ಏನು ಬೆಲೆ? ಸಹಿ ಮಾಡುವಾಗ ಚೀಫ್ ಸಾಹೇಬರು ಡಿಸೈನರ್, ತಂತಿ ಬಂದಾಗ ಡಿಸೈನರ್ ನಾನು. ಬಸ್ಸು ಹತ್ತಿದೆ.

ದಾರಿಯುದ್ದಕ್ಕೂ ತೊಡೆಯ ಮೇಲೆ ಹಾಳೆ ಹರವಿಕೊಂಡು ಲೆಕ್ಕ ತಿರುಗಿ ಮಾಡಿದೆ. ತಪ್ಪು ಸಿಗಲಿಲ್ಲ. ಅಲ್ಲಿ ಹೋದರೆ ಮೂರು ಜನ ಅಧಿಕಾರಿಗಳು ಒಂದು ಗಾಜಿನ ಲೋಟದಲ್ಲಿ ಹಳದಿ ನೀರು ಇಟ್ಟುಕೊಂಡು, ಹೆಣದ ಸುತ್ತ ನಿಂತಂತೆ ನಿಂತಿದ್ದರು. ಪ್ರಯೋಗಾಲಯಕ್ಕೆ ಕಳಿಸಿದ್ದೇವೆ ಎಂದರು. ನಾನು ಲೋಟ ಮೂಗಿನ ಹತ್ತಿರ ಹಿಡಿದೆ. ನಮ್ಮ ಅಡಿಗೆಮನೆಯ ವಾಸನೆ ಬಂತು.

ಅರಿಷಿಣ.

ಪುಣೆಗೆ ವಾಪಸು ಬಂದವನು ನೇರವಾಗಿ ನಮ್ಮ ಹಿರಿಯ ಫಿಟರನ ಹತ್ತಿರ ಹೋದೆ. ಅವನು ಬಿಜಾಪುರ ಕಡೆಯವನು, ಮೈಲಾರಲಿಂಗನ ಒಕ್ಕಲು. ಇಲ್ಲಿಗೆ ಬಂದ ಮೇಲೆ ಜೇಜುರಿಯ ಖಂಡೋಬನೇ ನಮ್ಮ ಮೈಲಾರ ಎಂದು ಪ್ರತಿ ಸೋಮವತಿ ಅಮಾವಾಸ್ಯೆಗೂ ಅಲ್ಲಿಗೆ ಹೋಗಿ, ಡಬ್ಬಿ ತುಂಬ ಭಂಡಾರದ ಅರಿಷಿಣ ತರುತ್ತಿದ್ದ. ವಿಚಾರಿಸಿದರೆ ಮುಚ್ಚಿಡಲಿಲ್ಲ. ಪರೀಕ್ಷೆಯೆಲ್ಲ ಮುಗಿದು ಮುಚ್ಚಳ ಬಿಗಿಯುವ ಮೊದಲು ಪ್ರತಿ ಎಕ್ಸ್‌ಚೇಂಜರಿನೊಳಗೂ ‘ಏಳುಕೋಟಿ’ ಎಂದು ಮೈಲಾರನ ಜಯಕಾರ ಹಾಕಿ ಒಂದು ಚಿಟಿಕೆ ಉದುರಿಸುತ್ತಾನಂತೆ. ಠಾಣೆಯದು ದೊಡ್ಡ ಸೈಜು, ಅದಕ್ಕೇ ಎರಡು ಬೊಗಸೆ ಹಾಕಿದನಂತೆ.

ಇನ್ನು ಮುಂದೆ ಹಾಕಬೇಡ ಎಂದು ಕೂಗಾಡಿದೆ. ಅವನು ಸಾವಧಾನವಾಗಿ ಕೈ ಒರೆಸಿಕೊಂಡ. ‘ಬಿಡ್ತೀನ್ರಿ. ಆದ್ರ ಇಷ್ಟು ವರ್ಷದಾಗ ನಮ್ಮದೊಂದೂ ಸೋರಿಲ್ಲ. ನಾಳೆ ಸೋರಿದ್ರ ಜವಾಬ್ದಾರಿ ನಂದು ಅಂತ ನೀವು ಸಹಿ ಮಾಡಿ ಕೊಡ್ರಿ.’

ಸಹಿ ಮಾಡುವ ಅಧಿಕಾರ ನನಗಿರಲಿಲ್ಲ. ಭಂಡಾರ ಮುಂದುವರಿಯಿತು, ಚಿಟಿಕೆ ಲೆಕ್ಕದಲ್ಲಿ.

ರಾವಸಾಹೇಬ

ಎಂಬತ್ತರ ದಶಕ ಬಂತು. ಟೇಬಲ್ ಮೇಲೆ ಕ್ಯಾಲ್ಕ್ಯುಲೇಟರ್ ಬಂತು, ಚೌಕ ಬರಲಿಲ್ಲ. ಹೀಗಿರುವಾಗ ಒಂದು ಸೋಮವಾರ ಚೀಫ್ ಸಾಹೇಬರು ತಾವಾಗಿಯೇ ನನ್ನ ಟೇಬಲ್ಲಿಗೆ ನಡೆದು ಬಂದು ‘ರಾವಸಾಹೇಬ’ ಎಂದರು. ಬೇರೆ ಯಾರೋ ಬಂದಿರಬೇಕೆಂದು ನಾನು ಹಿಂದೆ ತಿರುಗಿ ನೋಡಿದೆ.

ಅವರ ಕೈಯಲ್ಲಿ ಒಂದು ದೊಡ್ಡ ಎಕ್ಸ್‌ಚೇಂಜರಿನ ನಕಾಶೆಗಳ ಕೊನೆಯ ಪ್ರತಿ ಇತ್ತು, ಗಿರಾಕಿಗೆ ಕೊಡುವಂಥದ್ದು. ಮುನ್ನೂರಕ್ಕೂ ಹೆಚ್ಚು ಟ್ಯೂಬಿನ ಆ ಎಕ್ಸ್‌ಚೇಂಜರ್ ಕೆಲಸ ಮುಗಿದು ಅಂಗಳದಲ್ಲಿ ನಿಂತಿತ್ತು. ಗಿರಾಕಿಯ ಕಡೆಯ ಇನ್ಸ್‌ಪೆಕ್ಟರ್ ಬುಧವಾರ ನೋಡಲು ಬರುವವರಿದ್ದರು. ಎಂಟು ವರ್ಷ ನೀವು ಮಾಡಿದ ಸೇವೆ ನನಗೆ ಗೊತ್ತಿಲ್ಲವೆ, ಇದರ ಚೆಕ್ಡ್ ಚೌಕದಲ್ಲಿ ನೀವೇ ಸಹಿ ಮಾಡಿ ಎಂದರು. ನನ್ನ ಕಣ್ಣಲ್ಲಿ ನೀರು ಬಂತು, ನಾಚಿಕೆಯಿಲ್ಲದೆ ಹೇಳುತ್ತೇನೆ. ಎಂಟು ಹಾಳೆ ಇದ್ದವು. ಎಂಟಕ್ಕೂ ಸಹಿ ಮಾಡಿದೆ, ಪೂರ್ತಿ ಹೆಸರು, ತಂದೆಯ ಹೆಸರಿನ ಸಮೇತ. ಸಂಜೆ ಶಿವಾಜಿನಗರಕ್ಕೆ ಹೋಗಿ ಎರಡು ಕಿಲೋ ಪೇಢೆ ತಂದೆ. ಹೆಂಡತಿ ಒಂದನ್ನು ದೇವರ ಮುಂದಿಟ್ಟು, ರೇಷನ್ ಅಂಗಡಿಯ ಮಾತು ವಾಪಸು ತೆಗೆದುಕೊಂಡಳು.

ಮಂಗಳವಾರ ಆಫೀಸಿಗೆಲ್ಲ ಹಂಚಿ, ಕೆಳಗೆ ಎಕ್ಸ್‌ಚೇಂಜರ್ ಜೋಡಿಸುವ ಶಾಪಿಗೂ ಹೋದೆ. ಫಿಟರ್ ಪೇಢೆ ಬಾಯಿಗೆ ಹಾಕಿಕೊಂಡು, ಏನು ವಿಶೇಷ ಎಂದು ಕೇಳಿದ. ಈ ಮಾಲಿನ ನಕಾಶೆ ಚೆಕ್ ಮಾಡಿ ಸಹಿ ಮಾಡಿದವನು ನಾನು ಎಂದೆ. ಅವನು ಜಗಿಯುವುದು ನಿಲ್ಲಿಸಿದ. ‘ಕಾಗದದಾಗ ಹದಿನಾಕ ಅಂತ ಬರದೀರಿ. ಒಳಗ ಹದಿನಾರ ಹಾಕೀವಲ್ರಿ ಸಾಹೇಬ್ರ, ಅದನ್ನೂ ಚೆಕ್ ಮಾಡೀರೇನು?’

ನನ್ನ ಕೈಯಲ್ಲಿದ್ದ ಪೊಟ್ಟಣ ಕೆಳಗೆ ಬಿತ್ತು. ಖರೀದಿ ವಿಭಾಗಕ್ಕೆ ಓಡಿದೆ. ಅಲ್ಲಿನ ಗುಮಾಸ್ತನಿಗೆ ತಾನು ಮಾಡಿದ್ದರ ಬಗ್ಗೆ ಅಭಿಮಾನವೇ ಇತ್ತು. ಹದಿನಾಲ್ಕು ಸಿಗಲಿಲ್ಲ, ಕಡಿಮೆ ತಂದರೆ ನೀವು ಬೈಯುತ್ತೀರಿ, ಅದಕ್ಕೇ ಎರಡು ನಂಬರು ಹೆಚ್ಚಿನದನ್ನೇ ತಂದೆ ಎಂದ. ಅಂಗಿ ಕೊಳ್ಳುವಾಗ ಅವನು ಹಾಗೆಯೇ ಮಾಡುತ್ತಾನಂತೆ. ಚೀಫ್ ಸಾಹೇಬರಿಗೆ ಈ ವಿಷಯ ಶುಕ್ರವಾರವೇ ಗೊತ್ತಾಗಿದೆ, ಬಾಯಿ ಮುಚ್ಚಿಕೊಂಡಿರು ಎಂದಿದ್ದಾರೆ ಎಂದೂ ಹೇಳಿದ.

ನಾನು ಎಂಟು ವರ್ಷ ಕಾದ ಚೌಕ, ಹರಕೆಯ ಕುರಿಗೆ ಹಾಕುವ ಹೂವಿನ ಹಾರವಾಗಿತ್ತು. ಸಾಹೇಬರ ಕೋಣೆಗೆ ಹೋಗಿ, ಟ್ಯೂಬುಗಳನ್ನು ಕಿತ್ತು ಹಾಕಿಸಲೇಬೇಕು ಎಂದೆ. ಅವರು ಹಲ್ಲು ಕಡ್ಡಿ ಆಡಿಸುತ್ತ, ಒತ್ತಡದ ಪರೀಕ್ಷೆ ಪಾಸಾಗಿದೆ, ಎರಡೂ ತುದಿ ಮುಚ್ಚಿದ ಮೇಲೆ ದಪ್ಪ ಯಾರಿಗೆ ಕಾಣುತ್ತದೆ, ತುಕ್ಕು ತಿಂದು ತೂತು ಬೀಳುವ ಹೊತ್ತಿಗೆ ನಾನು ರಿಟೈರ್ ಆಗಿರುತ್ತೇನೆ ಎಂದರು. ಮತ್ತೆ, ಸಹಿ ನನ್ನದಲ್ಲವಲ್ಲ ಎಂದೂ ನೆನಪು ಮಾಡಿದರು.

ಮನೆಗೆ ಬಂದು ಹೆಂಡತಿಯ ಮುಂದೆ ಎಲ್ಲ ಹೇಳಿದೆ. ಇನ್ಸ್‌ಪೆಕ್ಟರಿಗೆ ನಿಜ ಹೇಳಿದರೆ ಸಹಿ ಮಾಡಿದವನು ನಾನೇ, ನೌಕರಿ ಹೋಗುತ್ತದೆ. ಹೇಳದಿದ್ದರೆ ನನ್ನ ಹೆಸರಿನ ಕೆಳಗೆ ಮುನ್ನೂರು ಟ್ಯೂಬು ಸೋರುತ್ತವೆ. ಹೆಂಡತಿ ಎಲ್ಲ ಕೇಳಿ, ‘ಹೇಳಿಬಿಡ್ರಿ. ತಗದ್ರ ಗದಗಿಗೆ ಹೋಗೂಣು, ಅಲ್ಲೇನು ಅನ್ನ ಇಲ್ಲೇನು?’ ಎಂದಳು. ಆಕೆಯ ಮೇಲೆ ಅಷ್ಟು ಅಭಿಮಾನ ನನಗೆ ಹಿಂದೆಂದೂ ಉಕ್ಕಿರಲಿಲ್ಲ.

ಬುಧವಾರ ಇನ್ಸ್‌ಪೆಕ್ಟರ್ ಬಂದರು. ಒಣಕಲು ಮುದುಕ, ಮಾತು ಕಡಿಮೆ. ಬೆಳಿಗ್ಗೆ ಫಿಟರನನ್ನು ಮಾತ್ರ ಜೊತೆಗೆ ಕರೆದುಕೊಂಡು ಶಾಪ್ ಸುತ್ತಿ ಬಂದರು. ಆಮೇಲೆ ಚೀಫ್ ಸಾಹೇಬರ ಕೋಣೆಯಲ್ಲಿ ಕೂತು ನನ್ನ ಲೆಕ್ಕದ ಹಾಳೆಗಳನ್ನು ಕೇಳಿದರು. ಪೆನ್ಸಿಲ್ ಹಿಡಿದು ಸಾಲು ಸಾಲಾಗಿ ಓದತೊಡಗಿದರು. ಒಂದು ತಾಸು ಓದಿದರು. ನನ್ನ ಲೆಕ್ಕವನ್ನು ಒಬ್ಬ ಮನುಷ್ಯ ಓದುವುದನ್ನು ನಾನು ಅದೇ ಮೊದಲು ನೋಡಿದ್ದು. ಬಂದ ಕೆಲಸ ಮರೆತು ನೋಡುತ್ತಲೇ ಇದ್ದೆ.

ಕೊನೆಗೆ ಅವರು ಕನ್ನಡಕ ತೆಗೆದು, ಇಷ್ಟು ಅಚ್ಚುಕಟ್ಟಾದ ಲೆಕ್ಕ ನೋಡಿ ಬಹಳ ವರ್ಷವಾಯಿತು, ಇದನ್ನು ಚೆಕ್ ಮಾಡಿದವರು ಯಾರು ಎಂದು ಕೇಳಿದರು. ನಾನು ಎದ್ದು ನಿಂತೆ. ಇರುವುದೆಲ್ಲ ಹೇಳಿಬಿಡಬೇಕೆಂದು ಬಾಯಿ ತೆರೆದೆ.

‘ನಾನೇ’ ಎಂದರು ಚೀಫ್ ಸಾಹೇಬರು.

ಹೊಗಳಿಕೆ ಕಿವಿಗೆ ಬಿದ್ದರೆ ಅವರಿಗೆ ತಡೆದುಕೊಳ್ಳಲು ಆಗುತ್ತಿರಲಿಲ್ಲ. ಸಹಿ ಬೇರೆಯವರದಿದೆಯಲ್ಲ ಎಂದರು ಇನ್ಸ್‌ಪೆಕ್ಟರ್. ಅದು ಸುಮ್ಮನೆ, ಗುಮಾಸ್ತನ ಸಹಿ ಇದ್ದ ಹಾಗೆ, ಪ್ರತಿ ಅಂಕಿಯೂ ನನ್ನ ಕಣ್ಣ ಕೆಳಗೇ ದಾಟಿದೆ, ಟ್ಯೂಬುಗಳನ್ನೂ ನಾನೇ ಎದುರಿಗೆ ನಿಂತು ಹಾಕಿಸಿದ್ದು ಎಂದರು ನಮ್ಮ ಸಾಹೇಬರು. ಹಾಗಾದರೆ ನಿಮ್ಮ ಸಹಿಯೇ ಇರಲಿ ಎಂದರು ಇನ್ಸ್‌ಪೆಕ್ಟರ್. ಚೀಫ್ ಸಾಹೇಬರು ಎಂಟು ಹಾಳೆಯಲ್ಲೂ ನನ್ನ ಹೆಸರನ್ನು, ನಮ್ಮಪ್ಪನ ಹೆಸರಿನ ಸಮೇತ, ಅಡ್ಡಗೆರೆ ಎಳೆದು ಹೊಡೆದು ಹಾಕಿ, ಮೇಲೆ ತಮ್ಮ ಸಹಿ ಮಾಡಿ ತಾರೀಖು ಬರೆದರು.

ಇನ್ಸ್‌ಪೆಕ್ಟರ್ ಶಾಯಿ ಆರುವವರೆಗೆ ಕಾದರು. ಆಮೇಲೆ ಒಂದು ಜೇಬಿನಿಂದ ಎರಡಂಗುಲದ ಟ್ಯೂಬಿನ ತುಂಡು, ಇನ್ನೊಂದರಿಂದ ಮೈಕ್ರೋಮೀಟರ್ ತೆಗೆದು ಟೇಬಲ್ ಮೇಲಿಟ್ಟರು. ಶಾಪಿನಲ್ಲಿ ಕತ್ತರಿಸಿ ಉಳಿದ ತುಂಡು. ನೀವು ನಿಂತು ಹಾಕಿಸಿದ ಟ್ಯೂಬು, ನೀವೇ ಅಳೆದು ಹೇಳಿ ಎಂದರು.

ಚೀಫ್ ಸಾಹೇಬರ ಮುಖ ಬಿಳಚಿಕೊಂಡಿತು. ನನ್ನ ಕಡೆ ತಿರುಗಿ, ‘ಕಾನಡಿ, ನೀನು ಸಹಿ ಮಾಡಿದ್ದೆಯಲ್ಲ, ನೀನೇ ಹೇಳು’ ಎಂದರು.

‘ಅವರನ್ನೇಕೆ ಕೇಳುತ್ತೀರಿ?’ ಎಂದರು ಇನ್ಸ್‌ಪೆಕ್ಟರ್. ‘ಅದು ಗುಮಾಸ್ತನ ಸಹಿ ಅಂತ ನೀವೇ ಹೇಳಿದಿರಿ.’

ಟ್ಯೂಬುಗಳನ್ನೆಲ್ಲ ಕೀಳಿಸಿ ಹೊಸದು ಹಾಕಬೇಕೆಂದು ಆಜ್ಞೆಯಾಯಿತು. ತಪ್ಪು ಹೇಗಾಯಿತು, ಮುಂದೆ ಆಗದಂತೆ ಏನು ವ್ಯವಸ್ಥೆ ಮಾಡಿದ್ದೀರಿ ಎಂದು ಚೀಫ್ ಸಾಹೇಬರು ಬರೆದುಕೊಡಬೇಕು, ಒಂದು ಪ್ರತಿ ಶೇಠ್‌ಗೂ ಹೋಗಬೇಕು. ಆ ಪತ್ರ ಬರೆಯುವ ಕೆಲಸ ಯಾರಿಗೆ ಬಂತೆಂದು ಬೇರೆ ಹೇಳಬೇಕಿಲ್ಲ. ಮೊದಲ ಎರಡು ಪ್ಯಾರಾದಲ್ಲಿ ತಪ್ಪನ್ನು ಒಪ್ಪಿಕೊಂಡು ಬರೆದೆ. ಮೂರನೆಯದರಲ್ಲಿ, ಇನ್ನು ಮುಂದೆ ಟ್ಯೂಬಿನ ಲೆಕ್ಕವನ್ನೂ ಬಂದ ಟ್ಯೂಬಿನ ಅಳತೆಯನ್ನೂ ಚೆಕ್ ಮಾಡಿ ಸಹಿ ಮಾಡುವ ಪೂರ್ಣ ಅಧಿಕಾರವನ್ನು ಇವರಿಗೆ ಕೊಟ್ಟಿದ್ದೇನೆ ಎಂದು ಬರೆದು, ‘ಇವರಿಗೆ’ ಎಂಬಲ್ಲಿ ನನ್ನ ಹೆಸರು ಹಾಕಿದೆ. ಹೊಡೆದು ಹಾಕುತ್ತಾರೆಂದು ಖಾತ್ರಿಯಿತ್ತು, ಆದರೂ ಬರೆದೆ.

ಪತ್ರ ಮುಂದಿಟ್ಟಾಗ ಅವರು ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದರು. ತಮ್ಮ ಮಾನ ಹೋದ ಕಥೆಯನ್ನು ತಾವೇ ಓದಲು ಯಾರಿಗೆ ಮನಸ್ಸಾಗುತ್ತದೆ? ‘ಸಹಿ ಎಲ್ಲಿ?’ ಎಂದರು. ಬೆರಳಿಟ್ಟು ತೋರಿಸಿದೆ. ಸಹಿ ಮಾಡಿದರು.

ನಾಲ್ಕನೆಯ ದಿನ ಶೇಠ್ ನನ್ನನ್ನು ಕರೆದು, ಇನ್ನು ಚೆಕ್ಡ್ ಚೌಕ ನಿನ್ನದು, ಇಷ್ಟೆಲ್ಲ ಆದ ಮೇಲೂ ನಿನ್ನ ಹೆಸರು ಸೂಚಿಸಿದ ನಿನ್ನ ಸಾಹೇಬನದು ಎಷ್ಟು ದೊಡ್ಡ ಮನಸ್ಸು, ಹೋಗಿ ಅವನ ಕಾಲು ಮುಟ್ಟಿ ನಮಸ್ಕಾರ ಮಾಡು ಎಂದರು. ಹೋಗಿ ಮಾಡಿದೆ. ಚೀಫ್ ಸಾಹೇಬರು ನನ್ನ ತಲೆಯ ಮೇಲೆ ಕೈಯಿಟ್ಟು ಮನಸಾರೆ ಆಶೀರ್ವಾದ ಮಾಡಿದರು. ಯಾತಕ್ಕೆ ಎಂದು ಅವರಿಗೆ ಆಗಲೂ ಗೊತ್ತಿರಲಿಲ್ಲ.